ರಸೀದಿ ಪುಸ್ತಕ ಬಿಟ್ಟು ಮನೆಗೆ ಬನ್ನಿ

ಮಾನ್ಯ ಸಂಪಾದಕರೇ,

ಪ್ರತಿ ವರ್ಷ ಸೆಪ್ಟೆಂಬರ್ 9ರ ನಿಮ್ಮ ಪತ್ರಿಕೆಯಲ್ಲಿ ಒಂದೇ ಬಗೆಯ ಚಿತ್ರ ಬರುತ್ತದೆ. ಹೂಬುಟ್ಟಿ ಹಿಡಿದ ಮಕ್ಕಳು, ಧರ್ಮಗುರುಗಳ ಕೈಯಲ್ಲಿ ಭತ್ತದ ತೆನೆ, ಹಿಂದೆ ಗೋಡೆಗೆ ಒರಗಿಸಿದ ಕಬ್ಬಿನ ಕಟ್ಟು. ಮೇರಿ ಮಾತೆಯ ಜನ್ಮದಿನವಾದ ಸೆಪ್ಟೆಂಬರ್ 8ರಂದು ಕರಾವಳಿಯ ಕಥೋಲಿಕರು ಹೊಸ ತೆನೆಯೊಂದಿಗೆ ಆಚರಿಸುವ ಮೊಂತಿ ಹಬ್ಬದ ಆ ಚಿತ್ರ ಈ ಸಲವೂ ಬಂದಿದೆ, ಚೆನ್ನಾಗಿದೆ. ಆ ತೆನೆ ಚರ್ಚಿನ ಅಂಗಳ ದಾಟಿದ ಮೇಲೆ ಯಾವ ಮನೆಗೆ ಹೋಗುತ್ತದೆ, ಯಾವ ಮನೆಗೆ ಹೋಗುವುದಿಲ್ಲ ಎಂಬುದರ ಬಗ್ಗೆ ನಾಲ್ಕು ಮಾತು ಬರೆಯಬೇಕೆನಿಸಿತು.

ನಾನು ಕಾರ್ಕಳ ತಾಲ್ಲೂಕಿನಲ್ಲಿ 31 ವರ್ಷ ಅಂಚೆ ಬಟವಾಡೆ ಮಾಡಿ ನಿವೃತ್ತನಾದವನು. ಆ ಕಾಲದಲ್ಲಿ ತೆನೆಹಬ್ಬ ಮುಗಿದ ವಾರ ಅಂಚೆಪೆಟ್ಟಿಗೆ ತೆರೆದರೆ ಕೆಲವು ಲಕೋಟೆಗಳು ಬೆರಳಿಗೆ ಗಂಟುಗಂಟಾಗಿ ಸಿಗುತ್ತಿದ್ದವು. ಒಳಗೆ ಚರ್ಚಿನಲ್ಲಿ ಆಶೀರ್ವದಿಸಿದ ತೆನೆಯ ನಾಲ್ಕಾರು ಕಾಳು. ವಿಳಾಸ ಮುಂಬಯಿ, ಬಹರೈನ್, ಕುವೈತ್. ಬಾಳೆಎಲೆಯ ಊಟಕ್ಕೆ ಬರಲಾಗದ ಮಗನೂ ಆ ಕಾಳನ್ನು ಸುಲಿದು ಹಾಲಿಗೆ ಹಾಕಿ ಕುಡಿಯಲಿ ಎಂದು ತಾಯಿ ಕಳಿಸಿದ್ದು. ನಾವು ಕಾಳನ್ನು ಬೆರಳಿನಿಂದ ಇನ್ನೊಂದು ತುದಿಗೆ ಸರಿಸಿ ಆಮೇಲೆ ಠಸ್ಸೆ ಹೊಡೆಯುತ್ತಿದ್ದೆವು, ಪುಡಿಯಾಗದಿರಲಿ ಎಂದು. ಗದ್ದೆ, ಪ್ರಾರ್ಥನೆ, ಊಟ, ದೂರದ ಮಗ ಎಲ್ಲವೂ ಒಂದೇ ಲಕೋಟೆಯಲ್ಲಿ ಇರುತ್ತಿದ್ದವು. ಈಗ ಧ್ಯಾನಕೂಟಗಳಲ್ಲಿ ‘ಸಮಗ್ರ ಆಧ್ಯಾತ್ಮಿಕತೆ’ ಎಂದು ಎರಡು ಗಂಟೆ ಉಪನ್ಯಾಸ ಕೇಳುತ್ತೇವೆ. ಕೆಟ್ಟದ್ದೇನಲ್ಲ, ಮಧ್ಯಾಹ್ನದ ಊಟವೂ ಚೆನ್ನಾಗಿರುತ್ತದೆ.

ನಿವೃತ್ತಿಯ ಬಳಿಕ ಆರು ವರ್ಷ ನಮ್ಮ ಚರ್ಚಿನ ಒಂದು ವಾರ್ಡಿಗೆ ಗುರಿಕಾರನಾಗಿದ್ದೆ. ಕ್ರೈಸ್ತರಲ್ಲದ ಓದುಗರಿಗಾಗಿ ಹೇಳುತ್ತೇನೆ: ನಮ್ಮ ಕಡೆಯ ಕಥೋಲಿಕ ಚರ್ಚುಗಳು ತಮ್ಮ ವ್ಯಾಪ್ತಿಯ ಮನೆಗಳನ್ನು ವಾರ್ಡುಗಳಾಗಿ ಹಂಚಿಕೊಂಡಿರುತ್ತವೆ. ವಾರ್ಡಿಗೊಬ್ಬ ಗುರಿಕಾರ. ಮನೆಮನೆಯ ಸುಖದುಃಖವನ್ನು ಧರ್ಮಗುರುಗಳಿಗೆ ಮುಟ್ಟಿಸುವುದು ಅವನ ಕೆಲಸ. ನನ್ನ ಪಾಲಿಗೆ 34 ಮನೆಗಳಿದ್ದವು. ಹೆಚ್ಚಿನವೆಲ್ಲ ನಾನು ಪತ್ರ ಹಂಚಿದ ಮನೆಗಳೇ.

ಆದರೆ ಅಧಿಕಾರ ವಹಿಸಿಕೊಂಡ ದಿನ ನನ್ನ ಕೈಗೆ ಬಂದದ್ದು ರಸೀದಿ ಪುಸ್ತಕ. ತಿಂಗಳ ವಂತಿಗೆ, ಹಬ್ಬದ ವಂತಿಗೆ, ಹೊಸ ಸಭಾಂಗಣದ ವಂತಿಗೆ. ಹಿಂದೆ ಗೇಟಿನ ಬಳಿ ಸೈಕಲ್ ಬೆಲ್ ಹೊಡೆದರೆ ಒಳಗಿನಿಂದ ಒಂದು ಲೋಟ ಮಜ್ಜಿಗೆ ಬರುತ್ತಿತ್ತು. ಈಗ ಅದೇ ಗೇಟು ಕಿರ್ ಎಂದರೆ ಸಾಕು, ಒಳಗೆ ಟಿ.ವಿ. ಸದ್ದು ನಿಲ್ಲುತ್ತಿತ್ತು. ಮನುಷ್ಯ ಅದೇ, ಚಪ್ಪಲಿಯೂ ಹೆಚ್ಚುಕಡಿಮೆ ಅದೇ.

ವಾರ್ಡಿನ ಕೊನೆಯ ಮನೆಗೆ ಕಾಲುಸಂಕ ದಾಟಿ ಹೋಗಬೇಕು. ಅಲ್ಲಿ ಅಜ್ಜಿಯೊಬ್ಬರೇ ಇದ್ದರು, ಗಂಡುಮಕ್ಕಳಿಬ್ಬರೂ ಗಲ್ಫಿನಲ್ಲಿ. ಅವರ ವಂತಿಗೆ ವರ್ಷದ ಆರಂಭದಲ್ಲೇ ಚುಕ್ತಾ ಆಗಿತ್ತು, ಹಾಗಾಗಿ ನನಗೆ ಆ ಕಡೆ ಹೋಗುವ ಕೆಲಸವಿರಲಿಲ್ಲ. ಮೂರು ಭಾನುವಾರ ಅವರು ಪೂಜೆಗೆ ಬರಲಿಲ್ಲ. ಅವರು ಕೂರುತ್ತಿದ್ದ ಬೆಂಚಿನ ತುದಿಯಲ್ಲಿ ಬೇರೆ ಯಾರೋ ಕುಳಿತರು, ನಾನು ಗಮನಿಸಲಿಲ್ಲ. ವಾರ್ಡಿನ ಸೂಚನೆಗಳೆಲ್ಲ ವಾಟ್ಸ್ಆ್ಯಪ್ ಗುಂಪಿಗೆ ಹೋಗುತ್ತಿದ್ದವು. ಅಜ್ಜಿಯ ಬಳಿ ಇದ್ದದ್ದು ಗುಂಡಿ ಒತ್ತುವ ಮೊಬೈಲ್. ನಾಲ್ಕನೆಯ ವಾರ ಅವರ ನೆರೆಮನೆಯ, ಪೂಜಾರಿ ಎಂಬ ಅಡ್ಡಹೆಸರಿನ ಹಿಂದೂ ಹೆಂಗಸು ಪೇಟೆಯಲ್ಲಿ ನನ್ನನ್ನು ತಡೆದು ನಿಲ್ಲಿಸಿದರು. ‘ಅಜ್ಜಿ ಸೊಂಟ ಹಿಡಿದು ಮಲಗಿ ತಿಂಗಳಾಗುತ್ತಾ ಬಂತು, ನಾನು ಎರಡು ಹೊತ್ತು ಗಂಜಿ ಕೊಡುತ್ತಿದ್ದೇನೆ. ನಿಮ್ಮ ಚರ್ಚಿನವರಿಗೆ ಗೊತ್ತೇ ಇಲ್ಲವಾ ಪೋಸ್ಟಣ್ಣ?’ ಎಂದರು. ಧರ್ಮಗುರುಗಳಿಗೆ ಹೇಳಿದೆ, ಅಂದೇ ಸಂಜೆ ಪರಮಪ್ರಸಾದ, ಅಂದರೆ ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿ, ತೆಗೆದುಕೊಂಡು ಬಂದರು. ತಪ್ಪು ಅವರದಲ್ಲ. ಮುಟ್ಟಿಸಬೇಕಾದ ಸುದ್ದಿಯನ್ನು ಮುಟ್ಟಿಸದೆ ಉಳಿದ ಅಂಚೆಯವನು ನಾನು.

ಈ ಬಗ್ಗೆ ಚರ್ಚಿನ ಕಾನೂನು ಏನು ಹೇಳುತ್ತದೆ ಎಂದು ಆಮೇಲೆ ಓದಿದೆ. 1983ರ ಕ್ಯಾನನ್ ಕಾನೂನಿನ 529ನೆಯ ವಿಧಿ ಸ್ಪಷ್ಟವಾಗಿದೆ: ಧರ್ಮಗುರು ತನ್ನ ಜನರನ್ನು ಬಲ್ಲವನಾಗಿರಬೇಕು, ಮನೆಗಳಿಗೆ ಹೋಗಬೇಕು, ಅವರ ಚಿಂತೆ ದುಃಖಗಳಲ್ಲಿ ಪಾಲುಗೊಳ್ಳಬೇಕು, ರೋಗಿಗಳನ್ನೂ ಒಂಟಿಯಾದವರನ್ನೂ ವಿಶೇಷವಾಗಿ ನೋಡಿಕೊಳ್ಳಬೇಕು. ಇನ್ನೊಂದು ತಮಾಷೆಯೂ ಕಣ್ಣಿಗೆ ಬಿತ್ತು. ಹಣಕಾಸು ಸಮಿತಿ ಪ್ರತಿ ಚರ್ಚಿಗೂ ಕಡ್ಡಾಯ. ಜನರ ಪಾಲನೆಯ ವಿಷಯದಲ್ಲಿ ಧರ್ಮಗುರುಗಳಿಗೆ ಸಲಹೆ ನೀಡುವ ಪಾಲನಾ ಮಂಡಳಿ ಮಾತ್ರ ಬಿಷಪರು ಸೂಕ್ತವೆಂದು ಕಂಡರೆ. ಪೋಪ್ ಫ್ರಾನ್ಸಿಸ್ ಅವರು 2021ರಲ್ಲಿ ಆರಂಭಿಸಿದ ಸಿನೊಡ್, ಅಂದರೆ ಬಿಷಪರ ಜಾಗತಿಕ ಸಮಾಲೋಚನಾ ಸಭೆ, 2024ರ ಅಕ್ಟೋಬರಿನಲ್ಲಿ ಮುಗಿದಾಗ, ಇಂಥ ಮಂಡಳಿಗಳನ್ನೂ ಕಡ್ಡಾಯ ಮಾಡಬೇಕೆಂದು ಅದರ ಅಂತಿಮ ದಾಖಲೆ ಕೇಳಿತು. ನಮ್ಮಲ್ಲಿ ಪಾಲನಾ ಮಂಡಳಿ ಎಂದಿನಿಂದಲೂ ಇದೆ. ಆದರೆ ನಾನು ಕುಳಿತ ಸಭೆಗಳಲ್ಲೆಲ್ಲ ಮೊದಲು ಜಮಾಖರ್ಚು, ಆಮೇಲೆ ಹಬ್ಬದ ಶಾಮಿಯಾನ, ಕೊನೆಗೆ ಚಹಾ.

ಹಣ ಬೇಡವೆನ್ನುವಷ್ಟು ದಡ್ಡ ನಾನಲ್ಲ. ಮಳೆಗಾಲದಲ್ಲಿ ಹೆಂಚು ಸೋರಿದರೆ ಪ್ರಾರ್ಥನೆಯಿಂದ ನಿಲ್ಲುವುದಿಲ್ಲ. ನನ್ನ ಬೇಡಿಕೆ ಚಿಕ್ಕದು. ವಂತಿಗೆ ವಸೂಲಿ ಹಣಕಾಸು ಸಮಿತಿಯವರೇ ಮಾಡಲಿ, ಈಗ ಮೊಬೈಲಿನಲ್ಲೇ ಪಾವತಿ ಆಗುತ್ತದೆ. ಗುರಿಕಾರ ಬರಿಗೈಯಲ್ಲಿ ಮನೆಗಳಿಗೆ ಹೋಗಲಿ. ಒಬ್ಬನಿಗೆ 34 ಮನೆ ಹೆಚ್ಚಾಯಿತು, ಹತ್ತು ಹನ್ನೆರಡು ಸಾಕು. ಮಹಿಳೆಯರು ಗುರಿಕಾರರಾದಷ್ಟೂ ಒಳ್ಳೆಯದು. ಅಡುಗೆಮನೆಯ ಒಲೆ ಉರಿದಿದೆಯೋ ಇಲ್ಲವೋ ಎಂಬುದು ಜಗಲಿಯಲ್ಲಿ ಕುಳಿತು ಎದ್ದು ಬರುವ ನನ್ನಂಥವನಿಗೆ ತಿಳಿಯುವುದಿಲ್ಲ. ಮತ್ತು ಪಾಲನಾ ಮಂಡಳಿಯ ಸಭೆಯಲ್ಲಿ ಜಮಾಖರ್ಚಿಗೆ ಮುಂಚೆ ಒಂದು ಪ್ರಶ್ನೆ ಬರಲಿ: ಈ ತಿಂಗಳು ಯಾರು ಕಾಣಿಸಲಿಲ್ಲ?

ಅಜ್ಜಿ ಈಗಿಲ್ಲ. ಈ ಸಲ ಹಬ್ಬದ ದಿನ ಪೂಜೆ ಮುಗಿದ ಮೇಲೆ ಈಗಿನ ಗುರಿಕಾರರು, ಇಬ್ಬರು ಕಾಲೇಜು ಹುಡುಗಿಯರು ಮತ್ತು ನಾನು, ಚರ್ಚಿಗೆ ಬರಲಾಗದವರ ಏಳು ಮನೆಗಳಿಗೆ ತೆನೆ ಕೊಂಡುಹೋದೆವು. ಕಾಲುಸಂಕ ದಾಟಿ ಆ ಪೂಜಾರಿಯವರ ಮನೆಗೂ ಒಂದು ತೆನೆ ಕೊಟ್ಟೆವು. ಅವರು ಅದನ್ನು ಕಣ್ಣಿಗೊತ್ತಿಕೊಂಡು ದೇವರ ಪಟದ ಬಳಿ ಇಟ್ಟರು. ಇನ್ನೊಂದು ಮನೆಯಲ್ಲಿ, ಪಾರ್ಶ್ವವಾಯುವಿನಿಂದ ಚೇತರಿಸಿಕೊಳ್ಳುತ್ತಿರುವ ಹಿರಿಯರೊಬ್ಬರು ನನ್ನನ್ನು ಕಂಡವರೇ ಗೋಡೆ ಹಿಡಿದುಕೊಂಡು ಒಳಗೆ ಹೋಗಿ ಪರ್ಸ್ ತಂದರು. ತೆನೆ ಕೊಡಲು ಬಂದದ್ದು ಎಂದರೂ ನಂಬಿಕೆ ಬರಲಿಲ್ಲ. ‘ರಸೀದಿ ಆಮೇಲೆ ಕೊಡುತ್ತೀರಾ?’ ಎಂದು ಕೇಳಿದರು.

ಇಂತಿ,
ಒಬ್ಬ ಮಾಜಿ ಗುರಿಕಾರ
ಕಾರ್ಕಳ ತಾಲ್ಲೂಕು