ಭಾನುವಾರದ ತಾಲೀಮಿಗೆ ಬೆಚ್ಚನೆಯ ಬಟ್ಟೆ ತನ್ನಿ

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಗ್ಗೆ 10ಕ್ಕೆ ಕುವೆಂಪುನಗರದ ನಮ್ಮ ಮನೆಯ ಮಹಡಿಯಲ್ಲಿ ನಮ್ಮ ನಾಟಕದ ಮೂರನೆಯ ದೃಶ್ಯದ ತಾಲೀಮು. ಕಾಲಯಂತ್ರದಿಂದ ಇಳಿದು 1912ರ ಅಂಟಾರ್ಕ್ಟಿಕಾದ ಹಿಮಗಾಳಿಗೆ ಹೊರಡುವ ನಾಲ್ವರು ಪೂರ್ಣ ಉಡುಪಿನೊಂದಿಗೆ ಬರಬೇಕು. ಉಳಿದವರು ಎಂದಿನಂತೆ ಬನ್ನಿ.

ಕಳೆದ ವಾರ ಒಬ್ಬರು ಹತ್ತಿ ಅಂಗಿಯ ಮೇಲೆ ಶಾಲು ಹೊದ್ದು ಧ್ರುವಕ್ಕೆ ಹೊರಟೇಬಿಟ್ಟರು! ಚಾಮುಂಡಿ ಬೆಟ್ಟದ ಬೆಳಗಿನ ನಡಿಗೆಗೆ ಅದು ಸಾಕು. ಹಿಮದಲ್ಲಿ ಹತ್ತಿ ಬೆವರು ಹೀರಿ ಒದ್ದೆಯಾಗಿಯೇ ಉಳಿಯುತ್ತದೆ, ಮೈಯ ಬಿಸಿಯನ್ನು ಕದಿಯುತ್ತದೆ. ಆದ್ದರಿಂದ ಒಳಗೆ ತೆಳು ಉಣ್ಣೆ, ಅದರ ಮೇಲೆ ದಪ್ಪ ಸ್ವೆಟರ್, ಎಲ್ಲಕ್ಕಿಂತ ಹೊರಗೆ ಗಾಳಿ ತಡೆಯುವ ಬಟ್ಟೆ. ಇದೇ ಕ್ರಮದಲ್ಲಿ, ಪ್ರೇಕ್ಷಕರ ಎದುರಿಗೇ ತೊಡಬೇಕು.

ದಕ್ಷಿಣ ಧ್ರುವವನ್ನು ಮೊದಲು ಮುಟ್ಟಿದ ನಾರ್ವೆಯ ಅಮುಂಡ್ಸೆನ್ ತಂಡದವರು ಉತ್ತರ ಧ್ರುವ ಪ್ರದೇಶದ ಇನ್ಯೂಟ್ ಜನರಿಂದ ಕಲಿತು ತುಪ್ಪಳದ ಉಡುಪು ಧರಿಸಿದ್ದರು. ಅವರ ನಂತರ ಅಲ್ಲಿ ತಲುಪಿದ ಬ್ರಿಟನ್ನಿನ ಸ್ಕಾಟ್ ತಂಡದವರದು ಉಣ್ಣೆ, ಅದರ ಮೇಲೆ ಗಾಳಿ ತಡೆಯುವ ಗ್ಯಾಬರ್ಡಿನ್ ಬಟ್ಟೆ. ನಮಗೆ ತುಪ್ಪಳ ಎಲ್ಲಿ ಸಿಗಬೇಕು? ಸ್ಕಾಟ್ ದಾರಿಯೇ ಸರಿ. ಹೊರಪದರಕ್ಕೆ ಹಳೆಯ ರೇನ್‌ಕೋಟ್ ಆದೀತು, ಬಣ್ಣ ಮಾತ್ರ ಕಂದು ಅಥವಾ ಬೂದು ಇರಲಿ.

ಮಂಕಿ ಕ್ಯಾಪ್ ಎಲ್ಲರ ಮನೆಯಲ್ಲೂ ಇದ್ದೇ ಇರುತ್ತದೆ. ಕೈಗೆ ಬೆರಳು ಬಿಡಿಬಿಡಿಯಾಗಿರುವ ಗವಸು ಬೇಡ. ಬೆರಳುಗಳು ಒಟ್ಟಿಗಿದ್ದರೆ ಒಂದನ್ನೊಂದು ಬೆಚ್ಚಗಿಡುತ್ತವೆ. ಅಂಥ ಗವಸುಗಳನ್ನು ನಾನೇ ಹೊಲಿಯುತ್ತಿದ್ದೇನೆ, ಅಂಗೈ ಅಳತೆ ಕಳುಹಿಸಿ.

ಸೆಕೆಗೆ ಎರಡು ಫ್ಯಾನ್, ಒಂದು ಕೊಡ ಮಜ್ಜಿಗೆ ಸಿದ್ಧವಿರುತ್ತದೆ. ಯಾರ ಬಳಿ ಏನಿಲ್ಲ ಎಂಬುದನ್ನು ಶುಕ್ರವಾರ ಸಂಜೆಯೊಳಗೆ ಇಲ್ಲಿಯೇ ತಿಳಿಸಿ. ಬರೀ ಹೆಬ್ಬೆರಳ ಚಿಹ್ನೆ ಸಾಲದು.