ಮೂರನೇ ಸಲ ಬರೆಯೋದು ಬೇಡ

ಪ್ರೀತಿಯ ಗೆಳೆಯ,

"ಮುಂದೆ ಆಫೀಸಿನಲ್ಲಿ ಹತ್ತು ಗಂಟೆ ದುಡಿಯಲೇಬೇಕಲ್ಲ, ಈಗಿನಿಂದಲೇ ಅಭ್ಯಾಸ ಆಗಲಿ ಬಿಡು" ಅಂತ ಮೊನ್ನೆ ಫೋನಿನಲ್ಲಿ ಮಕ್ಕಳ ಹೋಂವರ್ಕ್ ಬಗ್ಗೆ ಅಂದೆಯಲ್ಲ, ಆ ಮಾತು ಇನ್ನೂ ತಲೆಯಲ್ಲೇ ಕೊರೆಯುತ್ತಿದೆ. ಆಗ ಉತ್ತರ ಹೊಳೆಯಲಿಲ್ಲ. ಅದಕ್ಕೇ ಈ ಪತ್ರ.

ನಿನ್ನೆ ರಾತ್ರಿ ಮಗಳು ಹೋಂವರ್ಕ್ ಬರೆಯುತ್ತಾ ಕೂತಲ್ಲೇ ನಿದ್ದೆ ಹೋದಳು. ನಾಲ್ಕನೇ ಕ್ಲಾಸು. ಕೆನ್ನೆ ನೋಟ್‌ಬುಕ್ಕಿನ ಮೇಲೆ, ಬೆರಳ ಸಂದಿಯಲ್ಲಿ ಪೆನ್ಸಿಲ್. ಒಂದೇ ಪ್ರಶ್ನೋತ್ತರವನ್ನು ಮೂರು ಸಲ ಬರೆಯಬೇಕಿತ್ತು. ಎರಡನೇ ಸಲದ ಕೊನೆಯ ಸಾಲು ಗೆರೆ ಬಿಟ್ಟು ಕೆಳಗೆ ಜಾರಿತ್ತು. ಎತ್ತಿ ಮಲಗಿಸಲು ಹೋದರೆ, "ಮಿಸ್ ಬೈತಾರೆ, ಇನ್ನೊಂದ್ಸಲ ಇದೆ" ಅಂದಳು, ಕಣ್ಣು ಮುಚ್ಚಿಕೊಂಡೇ. ಬೆಳಗ್ಗೆ ಏಳೂಕಾಲಿಗೆ ವ್ಯಾನ್ ಹತ್ತಿದ ಮಗು. ನಾಲ್ಕೂವರೆಗೆ ಬಂದು, ಹಾಲು ಕುಡಿದು ಟ್ಯೂಷನ್‌ಗೆ ಹೋಗಿದ್ದಳು. ಎಷ್ಟು ಗಂಟೆ ಆಯ್ತು, ನೀನೇ ಲೆಕ್ಕ ಹಾಕು.

ನಮ್ಮಪ್ಪ ಕಾರ್ಖಾನೆಯಲ್ಲಿದ್ದದ್ದು ನಿನಗೆ ಗೊತ್ತಲ್ಲ. ಆಗ 1948ರ ಕಾರ್ಖಾನೆ ಕಾಯ್ದೆ ಪ್ರಕಾರ ವಾರಕ್ಕೆ 48 ಗಂಟೆ. ಅದಕ್ಕಿಂತ ಜಾಸ್ತಿ ದುಡಿಸಿದರೆ ಓಟಿ, ಎರಡರಷ್ಟು ಕೂಲಿ. ಓಟಿ ಬಂದ ತಿಂಗಳು ಮನೆಗೆ ಮೈಸೂರುಪಾಕು ಬರುತ್ತಿತ್ತು! ಸೈರನ್ ಆದ ಮೇಲೆ ಅಪ್ಪ ನಮ್ಮವರು. ಯಾವ ಸೂಪರ್‌ವೈಸರೂ ಮನೆಗೆ ಕೆಲಸ ಕಟ್ಟಿ ಕಳಿಸಲಿಲ್ಲ.

ಮಕ್ಕಳಿಗೂ ಒಂದು ಲೆಕ್ಕ ಇದೆ. ಕೇಂದ್ರದ 2020ರ ಸ್ಕೂಲ್ ಬ್ಯಾಗ್ ನೀತಿಯಲ್ಲಿ ಎರಡನೇ ಕ್ಲಾಸಿನ ತನಕ ಹೋಂವರ್ಕೇ ಬೇಡ ಅಂತಿದೆ. ಮೂರರಿಂದ ಐದನೇ ಕ್ಲಾಸಿಗೆ ವಾರಕ್ಕೆ ಹೆಚ್ಚೆಂದರೆ 2 ಗಂಟೆ. ವಾರಕ್ಕೆ, ದಿನಕ್ಕಲ್ಲ. ನಮ್ಮ ಮನೆಯಲ್ಲಿ ಅದು ಸೋಮವಾರವೇ ಮುಗಿದುಹೋಗುತ್ತದೆ.

ಇದೇನು ಹೊಸ ಕೂಗೂ ಅಲ್ಲ. ಮೈಸೂರಿನ ಆರ್.ಕೆ. ನಾರಾಯಣ್ ರಾಜ್ಯಸಭೆಯಲ್ಲಿ ಮಕ್ಕಳ ಬೆನ್ನಿನ ಹೊರೆ ಬಗ್ಗೆ ಮಾತಾಡಿದ್ದು 1989ರಲ್ಲಿ. ಮಕ್ಕಳ ಓದಿನ ಹೊರೆ ಇಳಿಸೋದು ಹೇಗೆ ಅಂತ ನೋಡಲು ಕೇಂದ್ರ ಸರ್ಕಾರ ನೇಮಿಸಿದ್ದ ಯಶಪಾಲ್ ಸಮಿತಿ ವರದಿ ಕೊಟ್ಟಿದ್ದು 1993ರಲ್ಲಿ. ಬ್ಯಾಗಿನ ಭಾರಕ್ಕಿಂತ, ಅರ್ಥವಾಗದ್ದನ್ನು ಓದಿಸುವುದೇ ದೊಡ್ಡ ಹೊರೆ ಅಂತ ಅದರಲ್ಲಿದೆ. ಎರಡು ಸಲ ಬರೆದರೂ ನನ್ನ ಮಗಳಿಗೆ ಆ ಉತ್ತರ ಅರ್ಥವಾಗಿಲ್ಲ ಕಣೋ. ಕೇಳಿ ನೋಡಿದೆ.

ಭಾನುವಾರವೂ ಲ್ಯಾಪ್‌ಟಾಪ್ ತೆರೆಯಬೇಕಾಗಿ ಬಂದಾಗ ನೀನು ಎಷ್ಟು ಸಂಕಟಪಟ್ಟಿದ್ದೆ, ನೆನಪಿದೆಯಾ? ಅದನ್ನೇ ಒಂಬತ್ತು ವರ್ಷದ ಮಗುವಿಗೆ ಅಭ್ಯಾಸ ಮಾಡಿಸಬೇಕಾ?

ಇವತ್ತು ಬೆಳಗ್ಗೆ ಅವಳ ಡೈರಿಯಲ್ಲಿ ಬರೆದು ಕಳಿಸಿದೆ: "ಎರಡು ಸಲ ಬರೆದಿದ್ದಾಳೆ. ಮೂರನೆಯದು ಬೇಡ ಅಂತ ನಾನೇ ಹೇಳಿದೆ." ನಿನ್ನ ಮಗನ ಡೈರಿಯಲ್ಲೂ ಬರೆಯುತ್ತೀಯಾ?

ಇಂತಿ,
ನಿನ್ನ ಗೆಳೆಯ