ಕೋಚ್ ಆಗುತ್ತೇನೆ ಅಂದ ಮಗಳಿಗೆ

ಪ್ರೀತಿಯ ಮಗಳೇ,

ನೀನು ಚೆಸ್ ಕೋಚಿಂಗ್ ಶುರು ಮಾಡುತ್ತೇನೆ ಅಂದಾಗ ಅಪ್ಪ ಸುಮ್ಮನಾದದ್ದು ಕೋಪದಿಂದ ಅಲ್ಲ. ನಿನ್ನ ಹೆಸರಿನ ಮುಂದೆ ಗ್ರ್ಯಾಂಡ್‌ಮಾಸ್ಟರ್ ಅಂತ, ಚೆಸ್ಸಿನ ಆ ಅತಿ ದೊಡ್ಡ ಪಟ್ಟ, ನೋಡುವ ಆಸೆ ಅವರಿಗೆ. ಇರಲಿ ಬಿಡು. ಆದರೆ ದೊಡ್ಡಮ್ಮ "ಆಡಿ ಗೆಲ್ಲಲಾಗದವರು ಪಾಠ ಮಾಡುವುದು" ಅಂದದ್ದನ್ನು ನೀನು ಮನಸ್ಸಿಗೆ ಹಚ್ಚಿಕೊಂಡಿದ್ದೀಯಲ್ಲ, ಅದಕ್ಕೇ ಈ ಪತ್ರ. ಫೋನಿನಲ್ಲಿ ನೀನು ನನಗೆ ಮಾತಾಡಲು ಬಿಡುವುದಿಲ್ಲ ಮಾರಾಯ್ತಿ.

ಚೆನ್ನೈಯ ಆರ್.ಬಿ. ರಮೇಶ್ ಅವರನ್ನೇ ನೋಡು. 2002ರಲ್ಲಿ ಬ್ರಿಟಿಷ್ ಚಾಂಪಿಯನ್. ಮರುವರ್ಷ ಗ್ರ್ಯಾಂಡ್‌ಮಾಸ್ಟರ್. 2007ರಲ್ಲಿ ಕಾಮನ್‌ವೆಲ್ತ್ ಚಾಂಪಿಯನ್. ಇವರು ಗೆಲ್ಲಲಾಗದವರಾ? ಇನ್ನೂ ಚೆನ್ನಾಗಿ ಆಡುವ ವಯಸ್ಸಿನಲ್ಲೇ, 2008ರಲ್ಲಿ, ಹೆಂಡತಿ ಆರತಿ ರಾಮಸ್ವಾಮಿ ಜೊತೆ ಚೆಸ್ ಗುರುಕುಲ ತೆರೆದರು. ಆರತಿಯೂ ಕಡಿಮೆಯವರಲ್ಲ, 1999ರಲ್ಲಿ 18 ವರ್ಷದೊಳಗಿನ ಹುಡುಗಿಯರ ವಿಶ್ವ ಚಾಂಪಿಯನ್. ಪ್ರಜ್ಞಾನಂದ 12ನೇ ವಯಸ್ಸಿನಲ್ಲಿ ಗ್ರ್ಯಾಂಡ್‌ಮಾಸ್ಟರ್ ಆದ, ಅಕ್ಕ ವೈಶಾಲಿ 2023ರಲ್ಲಿ. ಇಬ್ಬರೂ ರಮೇಶ್ ಕೈಯಲ್ಲಿ ಕಲಿತವರು. 2022ರ ಮಾಮಲ್ಲಪುರಂ ಚೆಸ್ ಒಲಿಂಪಿಯಾಡ್ ನೆನಪಿದೆಯಲ್ವಾ? ಭಾರತದ ಮೊದಲ ತಂಡ ನಾಲ್ಕನೇ ಸ್ಥಾನ, ಹುಡುಗರೇ ತುಂಬಿದ್ದ ಎರಡನೇ ತಂಡಕ್ಕೆ ಕಂಚು. ಆ ಹುಡುಗರ ಕೋಚ್ ಇವರೇ.

ಇನ್ನು ರಷ್ಯಾದ ಕೋಚ್ ದ್ವೊರೆತ್ಸ್ಕಿ. ಗ್ರ್ಯಾಂಡ್‌ಮಾಸ್ಟರ್ ಆಗಲೇ ಇಲ್ಲ, ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಇಂಟರ್‌ನ್ಯಾಷನಲ್ ಮಾಸ್ಟರ್ ಆಗಿಯೇ ಉಳಿದರು. ಆದರೆ ಗ್ರ್ಯಾಂಡ್‌ಮಾಸ್ಟರ್ ಯುಸುಪೊವ್ ಅಂಥವರನ್ನು ಬೆಳೆಸಿದರು. ದೊಡ್ಡಮ್ಮನಿಗೆ ಇದನ್ನೆಲ್ಲ ಹೇಳಲು ಹೋಗಬೇಡ, ಕೇಳುವುದಿಲ್ಲ.

ನನಗೆ ನಿನ್ನ ಮೇಲೆ ನಂಬಿಕೆ ಬಂದದ್ದು ಮಾತ್ರ ಇವರಿಂದಲ್ಲ. ಮಂಗಳೂರಿನ ಟೂರ್ನಮೆಂಟಿನಲ್ಲಿ ಒಬ್ಬ ಪುಟ್ಟ ಹುಡುಗ ಒಂದು ಆನೆ ಹೆಚ್ಚಿದ್ದೂ ಸೋತು ಅಳುತ್ತಾ ಹೊರಗೆ ಬಂದ. ಅವನಪ್ಪ ಮೊಬೈಲಿನಲ್ಲಿ ಆಟ ಹಾಕಿ, ಇಲ್ಲಿ ತಪ್ಪು, ಇಲ್ಲಿ ತಪ್ಪು ಅಂತ ಬೈಯುತ್ತಿದ್ದರು. ನೀನು ಹೋಗಿ ಅವನ ಪಕ್ಕ ಮೆಟ್ಟಿಲಲ್ಲಿ ಕೂತೆ. ನಡೆಗಳನ್ನು ಬರೆದಿಟ್ಟ ಸ್ಕೋರ್‌ಶೀಟ್ ಬಿಡಿಸಿ, "ನಿನಗೆ ಹೆದರಿಕೆ ಶುರುವಾದದ್ದು ಯಾವ ನಡೆಯಲ್ಲಿ?" ಅಂತ ಕೇಳಿದೆ. ಅವನು ಸ್ವಲ್ಪ ಹೊತ್ತು ನೋಡಿ ಬೆರಳಿಟ್ಟು ತೋರಿಸಿದ. ಗಡಿಯಾರ ನೋಡಿ ಗಾಬರಿಯಾಯಿತಂತೆ. ಯಾವ ನಡೆ ತಪ್ಪು ಅಂತ ಹೇಳಲು ಮೊಬೈಲಿನ ಚೆಸ್ ಎಂಜಿನ್ ಸಾಕು. ಯಾಕೆ ಹಾಗೆ ಆಡಿದೆ ಅಂತ ಮಗುವಿನ ಬಾಯಿಂದ ಬರಿಸುವುದಕ್ಕೆ ಬೇರೆಯೇ ತಾಳ್ಮೆ ಬೇಕು. ಅದು ನಿನಗಿದೆ.

ನಿನ್ನ ಆಟ ನಿಲ್ಲಿಸಬೇಡ, ಅಷ್ಟೇ. ಗ್ರ್ಯಾಂಡ್‌ಮಾಸ್ಟರ್ ಪಟ್ಟಕ್ಕೆ ಬೇಕಾದ 2500 ರೇಟಿಂಗ್, ಮೂರು ನಾರ್ಮ್ (ಟೂರ್ನಮೆಂಟಿನಲ್ಲಿ ಆ ಮಟ್ಟದ ಸಾಧನೆ) ದೂರವೇ ಇದೆ. ಸುಮ್ನೆ ಸಮಾಧಾನ ಹೇಳುವುದಿಲ್ಲ. ಆನಂದ್ 1988ರಲ್ಲೇ ದೇಶದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದರು. ಕರ್ನಾಟಕಕ್ಕೆ ಮೊದಲನೆಯವರು ಸಿಕ್ಕಿದ್ದು 2017ರಲ್ಲಿ, ಮೈಸೂರಿನ ತೇಜ್‌ಕುಮಾರ್. ಪಟ್ಟ ಬರಲಿ, ಬಿಡಲಿ, ತಾನೇ ಆಡಿ ಸೋಲುತ್ತಿರುವ ಕೋಚಿಗೆ ಮಕ್ಕಳ ಸೋಲು ಬೇಗ ಅರ್ಥವಾಗುತ್ತದೆ ಅಂತ ನನ್ನ ಲೆಕ್ಕ.

ಕಡಿಯಾಳಿಯಲ್ಲಿ ಚಿಕ್ಕಪ್ಪನ ಮನೆಯ ಮಾಳಿಗೆ ಕೋಣೆ ಖಾಲಿ ಇದೆ, ಭಾನುವಾರಕ್ಕೆ ಕೊಡುತ್ತಾರಂತೆ. ಮೊದಲ ತಿಂಗಳು ಫೀಸು ಬೇಡ ಅಂದೆಯಲ್ಲ, ಅದಕ್ಕೆ ನಾನು ಒಪ್ಪುವುದಿಲ್ಲ. ಭರತನಾಟ್ಯಕ್ಕೆ ಕೊಡುವವರು ಚೆಸ್ಸಿಗೂ ಕೊಡುತ್ತಾರೆ. ಬೋರ್ಡು ನಮ್ಮಲ್ಲಿರುವುದು ಸಾಕು. ಕ್ಲಾಕ್ ಎಷ್ಟು ಬೇಕು ಅಂತ ತಿಳಿಸು.

ನಿನ್ನ ಅಮ್ಮ